ಸಾಲಿನ ತುದಿಯ ಉಸಿರು

ನಾಗನಗೌಡ ಮುಳಗುಂದ ತಾನಾಗಿ ಉಸಿರಾಡಿ ನಾಲ್ಕು ವರ್ಷವಾಗಿತ್ತು.

ಅದಕ್ಕೂ ಮೊದಲು ಆತನ ದಮ್ಮಿಗೆ ಧಾರವಾಡ ಸೀಮೆಯಲ್ಲೇ ಹೆಸರಿತ್ತು. ಕುಸ್ತಿ ಕಣದ ಪಕ್ಕ ಕಟ್ಟಿದ ಅಟ್ಟದ ಮೇಲೆ ಮೈಕು ಹಿಡಿದು ನಿಂತನೆಂದರೆ, ಪೈಲವಾನ ಪಟ್ಟು ಹಾಕುವ ಮೊದಲೇ ಪಟ್ಟಿನ ಹೆಸರು ಗೌಡನ ಬಾಯಿಂದ ಹೊರಬಿದ್ದಿರುತ್ತಿತ್ತು. ಒಂದು ದಿನ ಆ ಅಟ್ಟದ ಗಳ ಮುರಿಯಿತು. ಗೌಡ ತಲೆಕೆಳಗಾಗಿ ಬಿದ್ದ. ಕುತ್ತಿಗೆಯಲ್ಲಿ ಬೆನ್ನುಹುರಿ ತುಂಡಾಯಿತು. ಕೈಕಾಲು ಹೋದವು. ಎದೆಗೂ ಹೊಟ್ಟೆಗೂ ನಡುವೆ ಹಾಸಿಕೊಂಡು, ಕೆಳಗಿಳಿದಾಗಲೆಲ್ಲ ಗಾಳಿಯನ್ನು ಒಳಗೆಳೆಯುವ ವಪೆ ಎಂಬ ಸ್ನಾಯುವಿಗೆ ಮಿದುಳಿನಿಂದ ಬರಬೇಕಾದ ಅಪ್ಪಣೆಯೂ ನಿಂತುಹೋಯಿತು.

ಆ ಅಪ್ಪಣೆಯನ್ನು ಈಗ ಕೊಡುತ್ತಿದ್ದದ್ದು ಅಂಗೈಯಗಲದ ಒಂದು ಪೆಟ್ಟಿಗೆ. ಗಾಲಿಕುರ್ಚಿಯ ಬೆನ್ನಿಗೆ ಅದನ್ನು ಬಿಗಿದಿದ್ದರು. ಅದರಿಂದ ಹೊರಟ ಎರಡು ಎಳೆತಂತಿಗಳು ಗೌಡನ ಕುತ್ತಿಗೆಯ ನರಗಳಿಗೆ ಸೇರಿದ್ದವು. ಪೆಟ್ಟಿಗೆ ಮಿಡಿದರೆ ಉಸಿರು ಒಳಗೆ, ಬಿಟ್ಟರೆ ಹೊರಗೆ. ನಿಮಿಷಕ್ಕೆ ಹದಿಮೂರು ಸಲ, ಹಗಲೂ ರಾತ್ರಿ. ಜೀವವೇನೋ ಉಳಿಯಿತು, ಮಾತು ಮಾತ್ರ ಕೆಟ್ಟಿತು. ಮನುಷ್ಯ ಮಾತಾಡುವುದು ಉಸಿರು ಬಿಡುವಾಗ. ಗೌಡ ಯಾವ ಶಬ್ದದ ನಡುವೆ ಇದ್ದಾನೆಂಬುದು ಪೆಟ್ಟಿಗೆಗೆ ತಿಳಿಯುವಂತಿರಲಿಲ್ಲ. ತನ್ನ ಹೊತ್ತು ಬಂದೊಡನೆ ಒಳಗೆಳೆಯುತ್ತಿತ್ತು. ‘ನಮಸ್ಕಾರ’ ಅನ್ನುವಷ್ಟರಲ್ಲಿ ಎರಡು ತುಂಡು. ಗೌಡ ಬರಬರುತ್ತ ಒಂದೆರಡು ಶಬ್ದದಲ್ಲಿ ಮಾತು ಮುಗಿಸುವುದನ್ನು ಕಲಿತ. ಆಮೇಲೆ ಸುಮ್ಮನಿರುವುದನ್ನೂ ಕಲಿತ.

ಇದಕ್ಕೊಂದು ದಾರಿ ಹುಡುಕಿದವಳು ಇಂದುಮತಿ ಹಾವನೂರ. ಹುಬ್ಬಳ್ಳಿಯಲ್ಲಿ ಆ ಪೆಟ್ಟಿಗೆಯನ್ನು ತಯಾರಿಸಿದ ಸಣ್ಣ ಪ್ರಯೋಗಾಲಯದ ಇಂಜಿನಿಯರು. ಗೌಡನ ಮುಂದೆ ಒಂದು ಪರದೆ ಇಟ್ಟು, ಆತ ಓದಬೇಕಾದ ಮಾತನ್ನು ಒಂದೊಂದು ಉಸಿರಿಗೆ ಒಂದೊಂದು ಸಾಲಾಗಿ ಅದರ ಮೇಲೆ ತೋರಿಸಿದರೆ? ಆತನ ಕಣ್ಣು ಎಲ್ಲಿದೆಯೆಂದು ಪರದೆಯ ಮೇಲಿನ ಕ್ಯಾಮೆರಾ ನೋಡುತ್ತದೆ. ಕಣ್ಣು ಸಾಲಿನ ತುದಿ ಮುಟ್ಟಿದಾಗ ಪೆಟ್ಟಿಗೆ ಉಸಿರು ಕೊಡುತ್ತದೆ. ನಡುವೆ ಕೊಡುವುದಿಲ್ಲ.

ಇದಕ್ಕೆ ‘ಓದುವ ಕ್ರಮ’ ಎಂದು ಹೆಸರಾಯಿತು. ಗೌಡ ‘ನೆರೆದನಿ’ ಎಂಬ ಊರ ರೇಡಿಯೋದಲ್ಲಿ ದಿನಾ ಬೆಳಗ್ಗೆ ಏಳೂವರೆಗೆ, ಮನೆಯಲ್ಲೇ ಕೂತು ಹತ್ತು ನಿಮಿಷದ ಸುದ್ದಿ ಓದತೊಡಗಿದ. ಹಳೆಯ ದನಿ ಮರಳಿ ಬಂತು. ಎಂಟು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು.

ಆ ಮಂಗಳವಾರ ಮಧ್ಯಾಹ್ನ ಪ್ರಯೋಗಾಲಯದಲ್ಲಿ ವಾದಿರಾಜ ಕಟ್ಟಿ ತನ್ನ ಕಂಪ್ಯೂಟರನ್ನು ಇಂದುಮತಿಯ ಕಡೆ ತಿರುಗಿಸಿದ. ಸರ್ವರಿನ ಕೆಲಸ ನೋಡಿಕೊಳ್ಳುವವನು ಆತ. ಅವಳಿಗಿಂತ ಹತ್ತು ವರ್ಷ ದೊಡ್ಡವನು, ಕೆಲಸದಲ್ಲಿ ಅಚ್ಚುಕಟ್ಟು.

“ಇಂದುಮತಿಯವ್ರ, ಇದನ್ನೊಂದು ನೋಡಿಬಿಡ್ರಿ. ಸುದ್ದಿ ಬರಿಯೋ ಜಾಗಾದೊಳಗ ಯಾರರ ಹೊರಗಿನವರು ಕೆಟ್ಟ ಕೋಡ್ ತುರುಕಿದ್ರ ಅದು ಸೀದಾ ಪುಟದೊಳಗ ಹೋಗ್ತದ. ಹಂಗಾಗಬಾರದಂತ ಒಂದು ಜರಡಿ ಹಾಕೀನಿ. ಅಕ್ಷರ ಬಿಟ್ಟು ಬ್ಯಾರೆ ಯಾವ ಟ್ಯಾಗೂ ದಾಟೂದಿಲ್ಲ.”

ಇಂದುಮತಿ ಪುಟ ನೋಡಿದಳು. ಹಿಂದಿನ ದಿನದ ಸುದ್ದಿ ಪರದೆಯ ಮೇಲೆ ಸಾಲು ಸಾಲಾಗಿ, ನೀಟಾಗಿ ನಿಂತಿತ್ತು.

“ಸಾಲು ಬರೋಬ್ಬರಿ ಅದಾವು,” ಅಂದಳು. “ಏರಿಸ್ರಿ.”

ಪರೀಕ್ಷಿಸಿದವರ ಹೆಸರಿನ ಮುಂದೆ ತನ್ನ ಹೆಸರು ಬರೆದು ಬೇರೆ ಕೆಲಸಕ್ಕೆ ಎದ್ದಳು. ಇಷ್ಟಕ್ಕೆಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

ಮರುದಿನ ಬೆಳಗ್ಗೆ ಅವಳ ತಾಯಿ ಶಿವಗಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲಿದ್ದ ರೇಡಿಯೋದಲ್ಲಿ ಗೌಡನ ಸುದ್ದಿ ಶುರುವಾಗಿತ್ತು. ಶಿವಗಂಗವ್ವನಿಗೆ ಇಪ್ಪತ್ತು ವರ್ಷದಿಂದ ದಮ್ಮಿನ ಕಾಯಿಲೆ. ಯಾರು ಎಲ್ಲಿ ಉಸಿರು ಎಳೆದರು, ಎಲ್ಲಿ ಹಿಡಿದರು ಎಂಬುದು ಅವಳ ಕಿವಿಗೆ ಬೇಡವೆಂದರೂ ಬೀಳುತ್ತಿತ್ತು.

ರೊಟ್ಟಿ ಬಡಿಯುವ ಸದ್ದು ನಿಂತಿತು.

“ಇಂದೂ, ಇವತ್ತ ಗೌಡಗ ಏನಾಗೇತಿ?”

“ಯಾಕವ್ವಾ?”

“ಉಸುರ ತಗೊಳ್ಳವಲ್ಲ. ಒಂದ ಸವನ ಹೊಂಟಾನ.”

ಚಹಾ ಕುಡಿಯುತ್ತಿದ್ದ ಇಂದುಮತಿ ಲೋಟ ಕೆಳಗಿಟ್ಟು ಕಿವಿಗೊಟ್ಟಳು. ನಗರದ ನೀರು ಸರಬರಾಜಿನ ಸುದ್ದಿ. ದನಿ ಗಟ್ಟಿಯಾಗಿಯೇ ಇತ್ತು, ಆದರೆ ಎಲ್ಲೂ ನಿಲ್ಲುತ್ತಿರಲಿಲ್ಲ. ಅವಳು ಮನಸ್ಸಿನಲ್ಲೇ ಎಣಿಸಿದಳು. ಐದು, ಆರು, ಏಳು. ದನಿ ತೆಳ್ಳಗಾಗುತ್ತ ಬಂತು. ಹತ್ತು, ಹನ್ನೊಂದು. ಹನ್ನೆರಡಕ್ಕೆ ಸರಿಯಾಗಿ ಒಂದು ಗುಟುಕು ಗಾಳಿ ಎಳೆದ ಸದ್ದು. ಮತ್ತೆ ಓದು.

ಅದು ಕಾವಲು ಉಸಿರು. ಓದುವವನ ಕಣ್ಣು ಎಲ್ಲೋ ತಪ್ಪಿ ಸಾಲಿನ ತುದಿ ಸಿಗದೇ ಹೋದರೆ ಇರಲಿ ಎಂದು ಅವಳೇ ಇಟ್ಟದ್ದು. ಹನ್ನೆರಡು ಸೆಕೆಂಡಿಗೊಮ್ಮೆ, ಅರ್ಧ ಉಸಿರು. ಒಂದೆರಡು ಸಲಕ್ಕೆ ಅದು ಸಾಕು. ಹತ್ತು ನಿಮಿಷ ಅದರ ಮೇಲೆಯೇ ಓದಿದರೆ ಹೊರಗೆ ಹೋಗಬೇಕಾದ ಕೆಟ್ಟ ಗಾಳಿ ರಕ್ತದಲ್ಲೇ ಉಳಿಯುತ್ತದೆ. ಮೊದಲು ಮಂಪರು, ಆಮೇಲೆ ನಾಲಿಗೆ ತೊದಲುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಎಚ್ಚರ ತಪ್ಪಿದ ಕಣ್ಣು ಪರದೆಯ ಮೇಲೆಯೇ ನೆಟ್ಟಿದ್ದರೆ ಪೆಟ್ಟಿಗೆ ಇನ್ನೂ ಓದು ನಡೆದಿದೆಯೆಂದೇ ತಿಳಿಯುತ್ತದೆ.

ಅವಳು ಗೌಡನ ಹೆಂಡತಿ ನೀಲವ್ವನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಸುದ್ದಿಯ ಹೊತ್ತಿನಲ್ಲಿ ಮನೆಯಲ್ಲಿ ಯಾವ ಫೋನೂ ಗುಣುಗಬಾರದೆಂದು ನೀಲವ್ವ ಎಲ್ಲವನ್ನೂ ಆರಿಸಿ, ಬಾಗಿಲು ಮುಂದೆ ಮಾಡಿ, ಬೀದಿಯ ನಾಯಿ ಬೊಗಳದಂತೆ ನೋಡಲು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ರೇಡಿಯೋದ ಕಚೇರಿಗೆ ಹಚ್ಚಿದಳು.

“ದನಿ ಛಲೋ ಬರಾಕತ್ತೈತಲ್ರೀ ಮೇಡಂ,” ಅಂದ ಅಲ್ಲಿನವನು.

“ಅವರಿಗೆ ಉಸುರ ಸಾಲವಲ್ದು! ಮನೀಗೆ ಯಾರನ್ನರ ಓಡಸ್ರಿ!”

“ಕಳಸ್ತೀನ್ರಿ. ಗೌಡ್ರ ಮನಿ ಹೊಸಯಲ್ಲಾಪುರದಾಗೈತಿ, ಇಲ್ಲಿಂದ ಕಾಲು ತಾಸರ ಬೇಕ್ರಿ...”

ಏಳು ಗಂಟೆ ಮೂವತ್ಮೂರು ನಿಮಿಷ. ಕಾಲು ತಾಸು ಇರಲಿಲ್ಲ. ಪೆಟ್ಟಿಗೆಗೆ ದೂರದಿಂದ ಅಪ್ಪಣೆ ಕೊಡುವಂತಿರಲಿಲ್ಲ. ಯಾರೋ ಎಲ್ಲಿಂದಲೋ ಒಬ್ಬನ ಉಸಿರಿಗೆ ಕೈಹಾಕಬಾರದೆಂದು ಬೇಕೆಂದೇ ಹಾಗೆ ಕಟ್ಟಿದ್ದರು. ಹೊರಗಿನಿಂದ ಅದರೊಳಗೆ ಹೋಗುತ್ತಿದ್ದದ್ದು ಒಂದೇ, ಸುದ್ದಿಯ ಪುಟ. ದಿನಕ್ಕೆ ಐದು ಸುದ್ದಿ, ಐದು ಪುಟ. ಒಂದು ಮುಗಿದು ಗೌಡ ಪರದೆಯ ಮೂಲೆಯ ‘ಮುಂದೆ’ ಎಂಬ ಅಕ್ಷರವನ್ನು ನೋಡಿದಾಗ ಸರ್ವರ್ ಆ ಕ್ಷಣದಲ್ಲಿ ಮುಂದಿನ ಪುಟವನ್ನು ಕಟ್ಟಿ ಕಳಿಸುತ್ತಿತ್ತು.

ಇಂದುಮತಿ ಲ್ಯಾಪ್‌ಟಾಪನ್ನು ಅಡುಗೆಮನೆಯ ನೆಲದ ಮೇಲೆಯೇ ತೆರೆದಳು. ಈಗ ಓದುತ್ತಿರುವ ಪುಟವನ್ನು ಕರೆದಳು. ಸಾಲು ನಿನ್ನೆ ಕಂಡಂತೆಯೇ ನೀಟಾಗಿ ಕಂಡವು. ಪುಟದ ಬೆನ್ನ ಹಿಂದಿನ ಬರಹವನ್ನು ತೆರೆದಳು. ಅಲ್ಲಿ ಒಂದು ಉದ್ದ ಪ್ಯಾರಾ. ಸಾಲು ಮುರಿಯುವ ಗುರುತು ಒಂದೂ ಇಲ್ಲ.

ಆಗ ಅವಳಿಗೆ ತಿಳಿಯಿತು. ಬರೆಯುವವರು ಒಂದು ಉಸಿರಿನ ಮಾತು ಮುಗಿದಲ್ಲಿ ಎಂಟರ್ ಒತ್ತಿದಾಗ ಬರಹದಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಕೂರುತ್ತದೆ. ವೆಬ್ ಪುಟ ಅದಕ್ಕೆ ಬೆಲೆ ಕೊಡುವುದಿಲ್ಲ, ಬರಿಯ ಖಾಲಿ ಜಾಗವೆಂದು ದಾಟಿಹೋಗುತ್ತದೆ. ಅದಕ್ಕೇ ಸರ್ವರಿನ ಸ್ಕ್ರಿಪ್ಟ್ ಪ್ರತಿ ಎಂಟರಿನ ಜಾಗದಲ್ಲೂ, ಇಲ್ಲಿ ಸಾಲು ಮುರಿ ಎಂದು ಹೇಳುವ ‘ಬಿಆರ್’ ಎಂಬ ಟ್ಯಾಗ್ ಹಾಕುತ್ತಿತ್ತು. ಪೆಟ್ಟಿಗೆ ನೋಡುತ್ತಿದ್ದದ್ದು ಆ ಟ್ಯಾಗನ್ನು. ವಾದಿರಾಜ ತನ್ನ ಜರಡಿಯನ್ನು ಅದರ ಕೆಳಗೆ ಇಟ್ಟಿದ್ದ. ಸ್ಕ್ರಿಪ್ಟಿನ ಮೇಲಿನ ಸಾಲು ಟ್ಯಾಗ್ ಹಾಕುತ್ತಿತ್ತು, ಕೆಳಗಿನ ಸಾಲು ಎಲ್ಲ ಟ್ಯಾಗುಗಳ ಜೊತೆ ಅದನ್ನೂ ಸೋಸಿ ಚೆಲ್ಲುತ್ತಿತ್ತು. ಪರದೆಯ ಮೇಲೆ ಕಂಡದ್ದು ಸಾಲುಗಳೇ ಅಲ್ಲ. ಉದ್ದದ ಬರಹ ಪರದೆಯ ಅಂಚಿಗೆ ಬಡಿದು ತಾನೇ ಮಡಚಿಕೊಂಡಿತ್ತು. ಕಣ್ಣಿಗೆ ಎರಡೂ ಒಂದೇ. ಅವಳು ಕಣ್ಣಿನಿಂದಷ್ಟೇ ನೋಡಿದ್ದಳು.

“...ಶಾಲೆಯ ಹೊಸ ಕಟ್ಟಡವನ್ನು ಬರುವ ಮಂಗಳ... ಬುಧವಾರ...”

“ನಾಲಿಗಿ ದಪ್ಪಾತು,” ಅಂದಳು ಶಿವಗಂಗವ್ವ. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. “ಇಂದೂ, ಲಗೂ ಮಾಡವಾ.”

ಸರ್ವರಿಗೆ ಒಳಹೋಗಲು ಪಾಸ್‌ವರ್ಡ್ ಕೇಳಿತು. ಅವಸರದಲ್ಲಿ ತಪ್ಪಿತು. ಇನ್ನೊಮ್ಮೆ ತಪ್ಪಿತು. ಮೂರನೆಯದಕ್ಕೆ ತೆರೆಯಿತು. ಮಾಡಬೇಕಾದದ್ದು ಇಷ್ಟೇ: ಎರಡು ಸಾಲುಗಳನ್ನು ಅದಲುಬದಲು ಮಾಡುವುದು. ಮೊದಲು ಸೋಸು, ಆಮೇಲೆ ಮುರಿ. ಕೆಳಗಿನದನ್ನು ಕತ್ತರಿಸಿ ಮೇಲೆ ಇಟ್ಟಳು. ಒಂದು ಅರ್ಧವಿರಾಮ ಜಾರಿ ಬಿದ್ದರೆ ಪುಟವೇ ಹುಟ್ಟುವುದಿಲ್ಲವೆಂದು ಹೆದರಿ ಮತ್ತೊಮ್ಮೆ ಓದಿದಳು. ಉಳಿಸಿದಳು.

ರೇಡಿಯೋದಲ್ಲಿ ಮೂರನೆಯ ಸುದ್ದಿ ಆಗಲೇ ಶುರುವಾಗಿತ್ತು. ಅದು ಹಳೆಯ ಪುಟ, ಏನೂ ಮಾಡುವಂತಿರಲಿಲ್ಲ. ಬಸ್ಸಿನ ಹೊಸ ವೇಳಾಪಟ್ಟಿ. ಗೌಡ ಒಂದೇ ವಾಕ್ಯವನ್ನು ಎರಡು ಸಲ ಓದಿದ. ‘ನವಲಗುಂದ’ ಅನ್ನುವಲ್ಲಿ ‘ನವ’ ಎಂದು ನಿಂತ. ಮೂರು ಸೆಕೆಂಡು ಏನೂ ಇಲ್ಲ. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಗುಟುಕು ಗಾಳಿಯ ಸದ್ದು. “ಲಗುಂದ,” ಅಂದ ಗೌಡ.

“ಮುಂದಿನದಕ್ಕ ಹೋಗ್ರಿ ಗೌಡ್ರ,” ಇಂದುಮತಿ ಹಲ್ಲು ಕಚ್ಚಿ ಹೇಳಿದಳು. “ಮುಂದಿನ ಪುಟ ತಗೀರಿ.”

ನಾಲ್ಕನೆಯ ಸುದ್ದಿ. “ಗುರುವಾರ ನಗರದ ಪೇಟೆ ತೆರೆದಿರುವುದಿಲ್ಲ.” ಒಂದು ಉಸಿರು, ತುಂಬು ಉಸಿರು. ಮೈಕಿನಲ್ಲಿ ಎದೆ ಉಬ್ಬಿದ್ದು ಕೇಳಿಸುವಷ್ಟು. “ವರ್ತಕರ ಸಂಘ ಈ ತೀರ್ಮಾನ ಮಾಡಿದೆ.” ಮತ್ತೊಂದು ಉಸಿರು. ಶಿವಗಂಗವ್ವ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಇಂದುಮತಿ ಗೋಡೆಗೆ ಒರಗಿದಳು. ಹಾಗೆಯೇ, ಸುಮ್ಮನೆ, ಐದನೆಯ ಸುದ್ದಿಯನ್ನು ತೆರೆದು ನೋಡಿದಳು.

ನೆಟ್ಟಗೆ ಕೂತಳು. ಅದು ಬೆಳಗ್ಗೆ ತಡವಾಗಿ ಬಂದ ಸುದ್ದಿ. ದಿನಾ ಬರೆಯುವವರು ಉಳಿದ ನಾಲ್ಕನ್ನು ಬರೆದಿಟ್ಟು ಹೋಗಿದ್ದರು. ಅವರ ಬದಲಿಗೆ ಬಂದ ಯಾರೋ ಗಡಿಬಿಡಿಯಲ್ಲಿ ಒಂದೂ ಎಂಟರ್ ಒತ್ತದೆ ಇಡೀ ಸುದ್ದಿಯನ್ನು ಒಂದೇ ಉಸಿರಿಗೆ ಬರೆದಿಟ್ಟಿದ್ದರು. ಮುರಿಯಲು ಗುರುತೇ ಇಲ್ಲದಿದ್ದರೆ ಸ್ಕ್ರಿಪ್ಟ್ ಏನು ಮಾಡೀತು? ಎರಡು ನಿಮಿಷದ ಓದು, ಅದೂ ಆಗಲೇ ಸೋತ ಮೈಗೆ.

“ಅವ್ವಾ, ಇಲ್ಲಿ ಬಾ. ಇದನ್ನ ಓದು, ಜೋರಾಗಿ. ನಿನಗ ಎಲ್ಲೆ ದಮ್ಮ ಸಾಲಂಗಿಲ್ಲೋ ಅಲ್ಲೆ ನಿಲ್ಲು.”

ಶಿವಗಂಗವ್ವ ಯಾಕೆಂದು ಕೇಳಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿ ಮಗಳ ಪಕ್ಕ ನೆಲಕ್ಕೆ ಕೂತಳು.

“ಕೆಲಗೇರಿ ಕೆರೆಯ ಹತ್ತಿರ ನಿನ್ನೆ ಸಂಜೆ ಕಾಣಿಸಿಕೊಂಡಿದ್ದ...”

ಇಂದುಮತಿ ಎಂಟರ್ ಒತ್ತಿದಳು.

“ಚಿರತೆಯನ್ನು ಅರಣ್ಯ ಇಲಾಖೆಯವರು...” ಎಂಟರ್. “ಇಂದು ಬೆಳಗಿನ ಜಾವ... ಬೋನಿಗೆ ಕೆಡವಿದ್ದು... ಅಲ್ಲ, ಅಲ್ಲೆ ಬ್ಯಾಡ, ಜಾವದ ಮುಂದ ಬ್ಯಾಡ. ಕೆಡವಿದ್ದು ಅಂದ ಮ್ಯಾಲೆ ಇರಲಿ.”

ಒತ್ತಿದ್ದನ್ನು ಅಳಿಸಿ ಮುಂದೆ ಒತ್ತಿದಳು. ರೇಡಿಯೋದಲ್ಲಿ ಗೌಡ ಪೇಟೆಯ ಸುದ್ದಿಯ ಕೊನೆಗೆ ಬರುತ್ತಿದ್ದ. ಶಿವಗಂಗವ್ವನ ಎದೆ ಸುಂಯ್ಗುಡತೊಡಗಿತು, ಆದರೂ ಓದಿದಳು. ಅವಳ ಉಸಿರು ಕಟ್ಟಿದಲ್ಲೆಲ್ಲ ಮಗಳ ಬೆರಳು ಇಳಿಯಿತು. ಹದಿನಾಲ್ಕು ಸಾಲಾಯಿತು. ಹದಿನೈದು. ಇನ್ನೂ ಎರಡು ವಾಕ್ಯ ಉಳಿದಿತ್ತು.

“ಮತ್ತು ಕೊನೆಯದಾಗಿ,” ಅಂದ ಗೌಡ.

ಆತನ ಕಣ್ಣು ‘ಮುಂದೆ’ಗೆ ಹೋಗುವ ಮೊದಲೇ, ಇದ್ದಷ್ಟನ್ನೇ ಇಂದುಮತಿ ಉಳಿಸಿದಳು.

“ಕೆಲಗೇರಿ ಕೆರೆಯ ಹತ್ತಿರ ನಿನ್ನೆ ಸಂಜೆ ಕಾಣಿಸಿಕೊಂಡಿದ್ದ...” ಇಬ್ಬರೂ ಉಸಿರು ಬಿಗಿಹಿಡಿದರು. ರೇಡಿಯೋದ ಒಳಗಿನಿಂದ ಗಾಳಿ ಎಳೆದ ಸದ್ದು ಬಂತು, ತುಂಬು ಸದ್ದು. “ಚಿರತೆಯನ್ನು ಅರಣ್ಯ ಇಲಾಖೆಯವರು...”

ಕೊನೆಯ ಎರಡು ವಾಕ್ಯಗಳನ್ನು ಗೌಡ ಕಾವಲು ಉಸಿರಿನ ಮೇಲೆಯೇ ಎಳೆದುಕೊಂಡು ಹೋಗಿ ಮುಟ್ಟಿಸಿದ. ನಮಸ್ಕಾರ ಹೇಳಲಿಲ್ಲ. ಸುದ್ದಿಯ ಸಂಗೀತ ಶುರುವಾಯಿತು.

ಇಂದುಮತಿ ಧಾರವಾಡ ಮುಟ್ಟಿದಾಗ ಒಂಬತ್ತು ಗಂಟೆ. ರೇಡಿಯೋದವನು, ಡಾಕ್ಟರು ಬಂದು ಹೋಗಿದ್ದರು. ಗೌಡನನ್ನು ಮಂಚದ ಮೇಲೆ ಮಲಗಿಸಿದ್ದರು. ಪೆಟ್ಟಿಗೆ ತನ್ನ ಮಾಮೂಲು ಲಯಕ್ಕೆ ಮರಳಿ ನಿಮಿಷಕ್ಕೆ ಹದಿಮೂರರಂತೆ ಮಿಡಿಯುತ್ತಿತ್ತು.

“ಅಕ್ಕಾರ, ನಾ ಒಳಗ ಬಂದು ನೋಡಿದ್ರ ಎಬ್ಬಿಸಿದ್ರೂ ಏಳವಲ್ರು,” ನೀಲವ್ವ ಹೇಳಿದಳು. “ಎಚ್ಚರಾಗಾಕ ಕಾಲು ತಾಸು ಹಿಡೀತು. ಏನಾಗಿತ್ತು?”

ಇಂದುಮತಿಗೆ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. “ತಪ್ಪು ನಂದು, ನೀಲಕ್ಕ,” ಅಂದಳು. ಜರಡಿ, ಸಾಲು, ತಾನು ಪರದೆಯನ್ನಷ್ಟೇ ನೋಡಿ ಸರಿ ಅಂದದ್ದು, ಎಲ್ಲವನ್ನೂ ಹೇಳಿದಳು. ನೀಲವ್ವ ಮಂಚದ ಕಾಲು ಹಿಡಿದು ಕೇಳುತ್ತಿದ್ದಳು.

“ಗೊತ್... ತಿತ್ತು,” ಎಂಬ ದನಿ ಬಂತು.

ಇಬ್ಬರೂ ತಿರುಗಿದರು.

“ಮೊದಲನೇ ಸುದ್... ದೀಗೇ ಗೊತ್ತಾತು. ಉಸುರು... ಬರವಲ್ದಂತ.”

“ಮತ್ತ ಯಾಕ ನಿಲ್ಲಸಲಿಲ್ರೀ ಗೌಡ್ರ?”

“ನಿಲ್ಲಸಿದ್ರ... ನೀವು ಕಸ್ಗೋ... ತಿದ್ರಿ. ಓದೂದನ್ನ.”

ನೀಲವ್ವ ಗಂಡನನ್ನು ನೋಡಿದಳು. “ಹತ್ತು ನಿಮಿಷದ ಸುದ್ದಿ ಸಲುವಾಗಿ ಸಾಯಾಕ ಕುಂತಿದ್ರೇನು ನೀವು?”

“ಉಳಿದ ಹೊತ್ತು... ಬಾಯಿ ಮುಚ್ಚಿ... ಕೊಂಡ ಅದೀನಲ್ಲ.”

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಮನೆಗೆ ಹೋದಳು. ಗೌಡ ಇಂದುಮತಿಯನ್ನೇ ನೋಡುತ್ತಿದ್ದ. ಒಂದು ಪೂರ್ತಿ ಮಾತು ಆಡಲು ಆತನಿಗೆ ಆರು ಉಸಿರು ಹಿಡಿಯಿತು.

“ಒಂದು ಕೇಳ... ಲೇನು? ಯಾವಾಗ ಉಸುರು... ಕೊಡಬೇಕಂತ ನೀವು... ಪುಟಾನ್ನ ಕೇಳಿದ್ರಿ. ಕಣ್ಣನ್ನ... ಕೇಳಿದ್ರಿ. ಬರಿಯೋ... ರನ್ನ ಕೇಳಿದ್ರಿ. ನನ್ನ ಯಾಕ ಕೇಳಲಿಲ್ಲ?”

ಕೇಳಬಹುದೆಂದು ಅವಳಿಗೆ ಹೊಳೆದಿರಲಿಲ್ಲ, ಅಷ್ಟೇ.

ಆ ಸಂಜೆಯೇ ಓದುವ ಕ್ರಮವನ್ನು ನಿಲ್ಲಿಸಿದರು. ಗೌಡನ ಹಾಗೆ ಇನ್ನೂ ಏಳು ಮಂದಿ ಅದನ್ನು ಬಳಸುತ್ತಿದ್ದರು, ಅವರಿಗೂ ನಿಂತಿತು. ವರದಿಯಲ್ಲಿ ಬರೆದವರ ಹೆಸರು, ಪರೀಕ್ಷಿಸಿದವರ ಹೆಸರು ಎರಡನ್ನೂ ಹಾಕಬೇಕಿತ್ತು. “ಜರಡಿ ಹಾಕಿದವ ನಾನು, ನಂದೊಂದೇ ಬರೀರಿ,” ಅಂದ ವಾದಿರಾಜ. ಒಂದೇ ದಿನದಲ್ಲಿ ಆತನ ಮುಖ ಇಳಿದುಹೋಗಿತ್ತು. ಇಂದುಮತಿ ತನ್ನ ಹೆಸರನ್ನು ಮೇಲೆ ಬರೆದಳು.

ಗೌಡ ಕೇಳಿದ್ದನ್ನು ಅವಳು ಡಾಕ್ಟರುಗಳ ಮುಂದಿಟ್ಟಾಗ ಅವರು ಒಪ್ಪಲಿಲ್ಲ. ರೋಗಿಯ ಕೈಗೆ ಉಸಿರು ಕೊಟ್ಟರೆ ಮಾತಿನ ಭರದಲ್ಲಿ ಆತ ಉಸಿರನ್ನೇ ಮರೆತಾನು ಅಂದರು.

“ಮರೀತಾರ,” ಅಂದಳು ಇಂದುಮತಿ. “ನಾವೂ ನೀವೂ ಮಾತಾಡುವಾಗ ಮರೀತೀವಿ. ಐದು ಸೆಕೆಂಡು ಮರಿಯಾಕ ಬಿಡೂಣು. ಆರನೇದಕ್ಕ ಪೆಟ್ಟಿಗಿ ತಾನ ಕೊಡಲಿ. ಅರ್ಧಾ ಅಲ್ಲ, ಪೂರಾ ಉಸುರು. ಯಾವ ಪುಟಾನೂ ಬ್ಯಾಡ, ಸರ್ವರೂ ಬ್ಯಾಡ.”

ವಾದ ನಡೆಯಿತು, ಪರೀಕ್ಷೆ ನಡೆಯಿತು. ಹನ್ನೊಂದು ವಾರ ಹಿಡಿಯಿತು. ಕೆಳತುಟಿಯ ಒಳಗೆ ಅಂಟಿಸುವ, ಅಕ್ಕಿಕಾಳಿನಷ್ಟು ಸಣ್ಣದೊಂದು ಒತ್ತುಗುಂಡಿ ತಯಾರಾಯಿತು. ನಾಲಿಗೆ ಸೋಂಕಿದರೆ ಉಸಿರು ಒಳಗೆ. ಸೋಂಕದಿದ್ದರೆ ಪೆಟ್ಟಿಗೆ ಆರು ಸೆಕೆಂಡು ಕಾಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಅದನ್ನು ಕೂರಿಸಲು ಇಂದುಮತಿ, ವಾದಿರಾಜ ಇಬ್ಬರೂ ಹೋದರು. ಡಾಕ್ಟರು ಗೌಡನ ಕಿವಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿ ಪಕ್ಕದಲ್ಲೇ ಕೂತರು. ಏನಾದರೂ ಹೇಳಿ ನೋಡಿ ಅಂದರು. ಗೌಡ ತುಟಿ ಅಲ್ಲಾಡಿಸಿದ, ನಾಲಿಗೆ ಹುಡುಕಾಡಿತು, ಒಂದು ಉಸಿರು ಬಂತು, ವ್ಯರ್ಥವಾಗಿ ಹೋಯಿತು. ಮತ್ತೊಂದು. ಎಲ್ಲರೂ ಬಾಯಿಯನ್ನೇ ನೋಡುತ್ತಿದ್ದರೆ ಯಾರಿಗೆ ತಾನೇ ಮಾತು ಬಂದೀತು? ಕ್ಲಿಪ್ಪಿನ ಅಂಕಿ ಒಂದು ಇಳಿಯಿತು. ವಾದಿರಾಜ ಬೆರಳು ಹಿಸುಕಿಕೊಂಡ.

ಒಳಗಿನಿಂದ ನೀಲವ್ವ ಕೂಗಿದಳು: “ಅಕ್ಕಾರ, ಉಂಡ ಹೋಗಬೇಕು. ಬದನಿಕಾಯಿ ಪಲ್ಯಾ ಮಾಡೀನಿ.”

ಗೌಡನ ನಾಲಿಗೆ ತುಟಿ ಸೋಂಕಿತು. ಎದೆ ತುಂಬಿತು.

“ಆ ಪಲ್ಯಾಕ್ಕ ಉಪ್ಪರ ಹಾಕೀಯೇನ ನೀಲಾ, ನಾಕು ವರ್ಷದಿಂದ ಸಪ್ಪನ ಪಲ್ಯಾ ತಿನ್ನಾಕತ್ತೀನಿ, ಹೇಳಬೇಕಂದ್ರ ಉಪ್ಪು ಅನ್ನೂದರಾಗ ದಮ್ಮ ಹೋಗತಿತ್ತಂತ ಸುಮ್ಮಿದ್ದೆ!”

ಒಳಗೆ ಪಾತ್ರೆಯ ಸದ್ದು ನಿಂತಿತು. ನೀಲವ್ವ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಗೌಡ ಬೇಕಾದಲ್ಲಿ ತಾನೇ ಉಸಿರು ತೆಗೆದುಕೊಂಡಿದ್ದ, ಮಾತು ಎಲ್ಲೂ ತುಂಡಾಗಿರಲಿಲ್ಲ.

“ಡಾಕ್ಟರ ಕಡಿಮಿ ಹಾಕು ಅಂದಿದ್ರು,” ಅಂದಳು.

“ಡಾಕ್ಟರ ನಿನ್ನ ಪಲ್ಯಾ ಉಣ್ಣಾಕ ಬರತಾರೇನು? ಕುಂತಾರ ನೋಡು ಇಲ್ಲೇ, ಇವತ್ತ ಅವರಿಗೂ ನೀಡು, ಗೊತ್ತಾಗಲಿ!”

“ನಾಕು ವರ್ಷ ಮಾಡಿ ಹಾಕಿದ್ದಕ್ಕ ಈ ಮಾತ ಹೌದಲ್ಲ? ಉಪ್ಪೊಂದ ನೆಪ್ಪ ಐತಿ ನಿಮಗ!”

“ಉಪ್ಪೊಂದ ಯಾಕ, ಇನ್ನೂ ಭಾಳ ಅದಾವು, ಕುಂದ್ರು ಹೇಳತೀನಿ...”

ಡಾಕ್ಟರು ಕ್ಲಿಪ್ಪಿನ ಅಂಕಿ ನೋಡಿ ತಲೆಯಾಡಿಸಿದರು. ಇಂದುಮತಿ ವಾದಿರಾಜನ ತೋಳು ಮುಟ್ಟಿ ಸನ್ನೆ ಮಾಡಿದಳು. ಇಬ್ಬರೂ ಸದ್ದಾಗದಂತೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಒಳಗೆ ಗಂಡ ಹೆಂಡಿರ ಜಗಳ ಏರುತ್ತಲೇ ಇತ್ತು.